ಪರದೇಶದಲ್ಲಿ ಹುಟ್ಟಿದ ಗಂಡುಮಗುವಿಗೆ ಹೆಸರು

ನಾಡಿನಾಚೆ ನೆಲೆಸಿರುವ ಸದ್ಭಕ್ತರು ಶ್ರೀಮಠಕ್ಕೆ ಬರೆಯುವ ಪತ್ರಗಳಲ್ಲಿ ಒಂದು ಬಗೆಯ ವಿನಂತಿ ಇತ್ತೀಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಮನೆಯಲ್ಲಿ ಗಂಡುಮಗು ಹುಟ್ಟಿದೆ, ಅಥವಾ ಹುಟ್ಟಲಿದೆ. ಯಾರೂ ಇಟ್ಟಿರದ, ಒಳ್ಳೆಯ ಅರ್ಥವುಳ್ಳ, ಅಲ್ಲಿನವರ ನಾಲಿಗೆಗೂ ಸಲ್ಲುವ, ಎರಡು ಮೂರು ಅಕ್ಷರಗಳ ಹೆಸರೊಂದನ್ನು ಸೂಚಿಸಿ ಕಳುಹಿಸಬೇಕು ಎಂಬುದು ಅದರ ಸಾರಾಂಶ. ಹೆಣ್ಣುಮಗುವಿನ ವಿಷಯದಲ್ಲಿ ಇಂತಹ ಪತ್ರಗಳು ಕಡಿಮೆ. ಮಹಾದೇವಿ, ಮುಕ್ತಾ, ನೀಲಾ, ಗಂಗಾ ಎಂಬ ಶರಣೆಯರ ಹೆಸರುಗಳು ಯಾವ ದೇಶದಲ್ಲಿಯೂ ತಾವಾಗಿಯೇ ಹೊಂದಿಕೊಳ್ಳುತ್ತವೆ. ಗಂಡುಮಕ್ಕಳ ಹೆಸರಿಗೆ ಅಪ್ಪ, ಅಯ್ಯ, ಅಣ್ಣಗಳು ಅಂಟಿಕೊಂಡಿರುವುದರಿಂದ ತಂದೆತಾಯಿಗಳು ಹಿಂಜರಿಯುತ್ತಾರೆ. ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಉತ್ತರಿಸುವುದರ ಜೊತೆಗೆ, ಈ ವಿಷಯವನ್ನು ಒಂದೆಡೆ ವಿವರಿಸಿ ಬರೆಯುವುದು ಎಲ್ಲರಿಗೂ ಉಪಯುಕ್ತವೆಂದು ನಾವು ಭಾವಿಸಿದ್ದೇವೆ.

ಮೊದಲು ಕಾಲದ ಪ್ರಶ್ನೆ. ನಮ್ಮ ಮನೆಗಳಲ್ಲಿ ಮಗು ಹುಟ್ಟಿದೊಡನೆ ಹೆಸರು ಹುಡುಕುವ ಅವಸರವಿರಲಿಲ್ಲ. ವಿಭೂತಿ ಧಾರಣೆ, ಲಿಂಗಧಾರಣೆಗಳು ಮೊದಲು. ಹನ್ನೊಂದನೆಯ ದಿನವೋ ಹದಿಮೂರನೆಯ ದಿನವೋ, ಅವರವರ ಮನೆತನದ ರೂಢಿಯಂತೆ ತೊಟ್ಟಿಲು ಕಟ್ಟಿ, ಮೊದಲು ಗುಂಡುಕಲ್ಲನ್ನು ತೂಗಿ, ಆಮೇಲೆ ಮಗುವನ್ನು ಮಲಗಿಸಿ, ಸೋದರತ್ತೆ ಕಿವಿಯಲ್ಲಿ ಹೆಸರು ಕರೆದಾಗಲೇ ಅದು ಹೆಸರು. ಅಲ್ಲಿಯವರೆಗೆ ಮಗು ‘ಕೂಸು’. ಭಾರತದ ಕಾನೂನು ಕೂಡ ಈ ನಿಧಾನಕ್ಕೆ ಎಡೆಗೊಟ್ಟಿದೆ. 1969ರ ಜನನ ಮರಣ ನೋಂದಣಿ ಅಧಿನಿಯಮದ ಪ್ರಕಾರ ಹೆಸರಿಲ್ಲದೆಯೇ ಜನನವನ್ನು ನೋಂದಾಯಿಸಿ, ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರನ್ನು ಸೇರಿಸಬಹುದು. ಅನಂತರವೂ ಶುಲ್ಕ ತೆತ್ತು ಹದಿನೈದು ವರ್ಷಗಳವರೆಗೆ ಅವಕಾಶವುಂಟು. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಬಾಣಂತಿ ಆಸ್ಪತ್ರೆಯಿಂದ ಮನೆಗೆ ಹೊರಡುವ ಮೊದಲೇ ಜನನ ಪತ್ರದ ನಮೂನೆಯನ್ನು ತುಂಬಿಸಿಕೊಳ್ಳುವುದು ಸಾಮಾನ್ಯ ರೂಢಿ. ಇಂಗ್ಲೆಂಡಿನಲ್ಲಿ ನೋಂದಣಿಗೆ 42 ದಿನಗಳ ಗಡುವಿದೆ. ಹೀಗಾಗಿ ಇಂಗ್ಲೆಂಡಿನವರು ತೊಟ್ಟಿಲ ಕಾರ್ಯ ಮುಗಿಸಿಯೇ ಕಚೇರಿಗೆ ಹೋಗಬಹುದು; ಅಮೆರಿಕದವರು ಹೆರಿಗೆಗೆ ಮುಂಚೆಯೇ ಹೆಸರನ್ನು ನಿಶ್ಚಯಿಸಿಟ್ಟುಕೊಳ್ಳುವುದು ಕ್ಷೇಮ. ಹುಟ್ಟುವ ಮೊದಲೇ ಹೆಸರನ್ನು ಯೋಚಿಸುವುದು ಅಪಶಕುನವೆಂಬ ಅಂಜಿಕೆ ಕೆಲವು ಹಿರಿಯರಲ್ಲಿದೆ. ಅದಕ್ಕೆ ಶರಣಧರ್ಮದಲ್ಲಿ ಆಧಾರವಿಲ್ಲ. ಕಾಗದದ ಮೇಲೆ ಬರೆದ ಹೆಸರು ಸರ್ಕಾರಕ್ಕೆ, ಕಿವಿಯಲ್ಲಿ ಕರೆದ ಹೆಸರು ಮನೆಗೆ. ಮೊದಲನೆಯದು ಹತ್ತು ದಿನ ಮುಂಚೆ ಆದ ಮಾತ್ರಕ್ಕೆ ಎರಡನೆಯದಕ್ಕೆ ಕುಂದಿಲ್ಲ.

ಜನ್ಮನಕ್ಷತ್ರದ ಅಕ್ಷರದ ಪ್ರಶ್ನೆಯೂ ಇದೇ ಜಾತಿಯದು. ಇಂತಹ ಅಕ್ಷರ ಬಂದಿದೆ, ಅದರಿಂದಲೇ ಆರಂಭವಾಗುವ ಹೆಸರು ಬೇಕು ಎಂದು ಬರೆಯುವವರಿದ್ದಾರೆ. ಅದರ ಜೊತೆಗೆ ಈಗ ಸಂಖ್ಯಾಶಾಸ್ತ್ರವೂ ಸೇರಿ, ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಅಕ್ಷರವನ್ನು ಇಮ್ಮಡಿಸಬೇಕೆ, ಇನ್ನೊಂದನ್ನು ಕೈಬಿಡಬೇಕೆ ಎಂಬ ಲೆಕ್ಕ ನಡೆಯುತ್ತದೆ. ತಿಥಿ, ವಾರ, ನಕ್ಷತ್ರಗಳ ಭಯದಿಂದ ಜನರನ್ನು ಬಿಡಿಸಿದ್ದು ಹನ್ನೆರಡನೆಯ ಶತಮಾನದ ಶರಣರು ಮಾಡಿದ ದೊಡ್ಡ ಕೆಲಸಗಳಲ್ಲಿ ಒಂದು. ಅವರ ಹೆಸರನ್ನೇ ಮಗುವಿಗೆ ಇಡಲು ಹೊರಟವರು ಅವರು ಬಿಡಿಸಿದ ಭಯವನ್ನು ಮರಳಿ ಕಟ್ಟಿಕೊಳ್ಳುವುದು ವಿಚಿತ್ರ. ಹಿರಿಯರ ಮನಸ್ಸು ನೋಯಬಾರದೆಂದು ಅಕ್ಷರವನ್ನು ಅನುಸರಿಸುವವರನ್ನು ನಾವು ತಡೆಯುವುದಿಲ್ಲ. ಆದರೆ ಆ ಅಕ್ಷರ ಸಿಗಲಿಲ್ಲವೆಂದು ಒಳ್ಳೆಯ ಹೆಸರನ್ನು ಕೈಬಿಡಬೇಡಿರಿ.

ಇನ್ನು ‘ಅಪರೂಪ’ ಎಂಬ ಮಾತು. ಜಡೆಯ ಸುತ್ತಣ ಸೀಮೆ ಹೆಸರುಗಳ ವಿಷಯದಲ್ಲಿ ಬಡವಲ್ಲ. ಬಿ.ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ (1902) ಶಿಕಾರಿಪುರ ತಾಲ್ಲೂಕಿನ, ಎಂಟನೆಯ ಸಂಪುಟದಲ್ಲಿ (1904) ಸೊರಬ ತಾಲ್ಲೂಕಿನ ಶಾಸನಗಳು ಅಚ್ಚಾಗಿವೆ. ಅವುಗಳ ಪುಟಗಳನ್ನು ತಿರುವಿದರೆ ಕೇತ, ಬೊಪ್ಪ, ಮಾಚ, ಬೊಮ್ಮ, ಮಸಣ, ಮಾರ ಎಂಬ ಹೆಸರುಗಳು ಸಾಲುಸಾಲಾಗಿ ಎದುರಾಗುತ್ತವೆ. ಊರನ್ನೋ ತುರುಗಳನ್ನೋ ಕಾಯಲು ಹೋಗಿ ಬಿದ್ದು ವೀರಗಲ್ಲಾದವರು ಕೆಲವರು, ಕೆರೆ ಕಟ್ಟಿಸಿದವರು ಕೆಲವರು, ದತ್ತಿ ಬಿಟ್ಟವರು ಕೆಲವರು. ಎರಡೇ ಅಕ್ಷರದ ಹೆಸರು ಬೇಕೆಂದು ಬರೆಯುವವರು ಗಮನಿಸಬೇಕಾದ ಸಂಗತಿಯಿದು: ನಮ್ಮ ಪೂರ್ವಿಕರ ಹೆಸರುಗಳು ಎರಡೇ ಅಕ್ಷರದವು. ಬಳ್ಳಿಗಾವಿಯ ಕೋಡಿಯ ಮಠದ ಆಚಾರ್ಯರು ಕೇದಾರಶಕ್ತಿ, ವಾಮಶಕ್ತಿ, ಶ್ರೀಕಂಠ, ಗೌತಮ ಎಂಬ ಹೆಸರಿನವರು. ಸಮೀಪದ ತಾಳಗುಂದದ ಸ್ತಂಭಶಾಸನ ಕದಂಬರ ವಂಶಾವಳಿಯನ್ನು ಹೇಳುತ್ತದೆ. ಆ ವಂಶದ ಮಯೂರನ ಹೆಸರನ್ನು ಎಲ್ಲರೂ ಇಟ್ಟರು. ಅದೇ ವಂಶದ ಮೃಗೇಶನ ಹೆಸರು ಹಾಗೆಯೇ ಉಳಿದಿದೆ.

ಅಂದಿನವರಿಗೆ ಹೆಸರು ಅಪರೂಪವಾಗಿರಬೇಕೆಂಬ ಹಂಬಲವಿದ್ದಂತೆ ಕಾಣುವುದಿಲ್ಲ. ಅಜ್ಜನ ಹೆಸರು ಮೊಮ್ಮಗನಿಗೆ ಬರುತ್ತಿತ್ತು. ಒಂದೇ ಮನೆಯಲ್ಲಿ ಇಬ್ಬರು ಬಸಪ್ಪ, ಊರಿನಲ್ಲಿ ಹತ್ತು ಮಂದಿ ಬಸಪ್ಪ. ದೊಡ್ಡ, ಸಣ್ಣ, ಕೆರೆಯಂಚಿನ, ಮೇಲಿನಮನೆ ಎಂದು ಗುರುತು ಹೇಳಿದರೆ ಕೆಲಸ ನಡೆಯುತ್ತಿತ್ತು. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳಬಾರದೆಂಬ ರೂಢಿಯಿದ್ದುದರಿಂದ, ಅಜ್ಜನ ಹೆಸರು ಹೊತ್ತ ಕೂಸನ್ನು ಹೆತ್ತ ತಾಯಿಯೇ ಬೇರೆ ಹೆಸರಿನಿಂದ ಕರೆಯುವ ವಿನೋದವೂ ಇತ್ತು. ಹೀಗೆ ಪ್ರತಿಯೊಬ್ಬನಿಗೂ ದಾಖಲೆಯ ಹೆಸರೊಂದು, ಕರೆಯುವ ಹೆಸರೊಂದು. ಪರದೇಶದಲ್ಲಿ ಇರುವವರಿಗೆ ಇದು ಮರಳಿ ಉಪಯೋಗಕ್ಕೆ ಬರುವ ಪದ್ಧತಿ ಎಂಬುದನ್ನು ಮುಂದೆ ಹೇಳುತ್ತೇವೆ.

ಅಪರೂಪದ ಹೆಸರು ಬೇಕೆನ್ನುವವರು ಇಂದು ಹುಡುಕುವುದು ಎಲ್ಲಿ? ಹೆಸರುಗಳ ಪಟ್ಟಿಗಳಲ್ಲಿ. ಅಲ್ಲಿ ಸಿಗುವುದು ಆರವ್, ವಿಹಾನ್, ಅಯಾನ್, ಕಿಯಾನ್, ರೆಯಾನ್, ಶ್ರೀಯಾನ್. ಎಲ್ಲರೂ ಅದೇ ಪಟ್ಟಿಯನ್ನು ನೋಡುತ್ತಿರುವುದರಿಂದ ಭಾರತೀಯ ಮೂಲದ ಮಕ್ಕಳು ಸೇರುವ ತರಗತಿಯಲ್ಲಿ ಒಂದೇ ಪ್ರಾಸದ ನಾಲ್ಕು ಹೆಸರುಗಳು ಕೇಳಿಬಂದರೆ ಆಶ್ಚರ್ಯವಿಲ್ಲ. ಅಪರೂಪವೆಂದು ಆರಿಸಿದ್ದು ಅತಿ ಸಾಮಾನ್ಯವಾಯಿತು. ಇವುಗಳಲ್ಲಿ ಕೆಲವಕ್ಕೆ ಒಳ್ಳೆಯ ಅರ್ಥವೂ ಇದೆ. ಇನ್ನು ಕೆಲವಕ್ಕೆ ಪಟ್ಟಿ ಮಾಡಿದವರೇ ಅರ್ಥವನ್ನು ಹೊಲಿದು ಕೊಟ್ಟಿದ್ದಾರೆ. ‘ಸಂಸ್ಕೃತದಲ್ಲಿ ಶಿವನ ಕೃಪೆ ಎಂದು ಅರ್ಥವಂತೆ’ ಎಂದು ಬರೆದು, ಸರಿಯೇ ಎಂದು ನಮ್ಮನ್ನು ಕೇಳಿದ ಪದಗಳಲ್ಲಿ ಹಲವು ಯಾವ ನಿಘಂಟಿನಲ್ಲಿಯೂ ಇಲ್ಲ. ಕನ್ನಡ ಎಂ.ಎ. ಓದಿ ಮೂವತ್ತು ವರ್ಷ ನಿಘಂಟಿನೊಡನೆ ಬಾಳಿದವರಿಗೆ ಈ ಉತ್ತರ ಬರೆಯುವಾಗ ಸಂಕಟವಾಗುತ್ತದೆ, ಏಕೆಂದರೆ ಕೆಲವೊಮ್ಮೆ ಅಷ್ಟು ಹೊತ್ತಿಗೆ ಹೆಸರನ್ನು ಇಟ್ಟು ಆಗಿರುತ್ತದೆ.

ನಿಜ ಹೇಳಬೇಕೆಂದರೆ ಪರದೇಶದಲ್ಲಿ ನಮ್ಮ ಯಾವ ಹೆಸರೂ ಸಾಮಾನ್ಯವಲ್ಲ. ಅಮೆರಿಕದ ಸಾಮಾಜಿಕ ಭದ್ರತಾ ಇಲಾಖೆ 1880ರಿಂದೀಚಿನ ಜನನಗಳ ಹೆಸರುಗಳನ್ನು ವರ್ಷವಾರು ಪ್ರಕಟಿಸುತ್ತದೆ; ಒಂದು ವರ್ಷದಲ್ಲಿ ಐದಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರನ್ನು ಆ ಪಟ್ಟಿಯಲ್ಲಿ ಸೇರಿಸುವುದಿಲ್ಲ. ಸಂದೇಹವಿರುವವರು ತಾವು ಯೋಚಿಸಿದ ಹೆಸರು ಅಲ್ಲಿದೆಯೇ ಎಂದು ನೋಡಿಕೊಳ್ಳಬಹುದು. ನಮ್ಮಲ್ಲಿ ಹಳತೆನಿಸಿದ ಹೆಸರು ಅಲ್ಲಿ ಹೊಚ್ಚಹೊಸತು.

ಹೆಸರನ್ನು ಕರೆಯುವವರು ಯಾರು ಎಂಬುದನ್ನೂ ಯೋಚಿಸಬೇಕು. ಶಾಲೆಯ ಶಿಕ್ಷಕಿ ಹೆಸರನ್ನು ಹೇಗೆ ಉಚ್ಚರಿಸುವರೋ ಎಂದು ತಂದೆತಾಯಿಗಳು ತಿಂಗಳುಗಟ್ಟಲೆ ಚಿಂತಿಸುತ್ತಾರೆ. ಊರಿನಲ್ಲಿರುವ ಅಜ್ಜಿ ಹೇಗೆ ಉಚ್ಚರಿಸುವಳೆಂದು ಅಷ್ಟು ಚಿಂತಿಸಿದವರು ವಿರಳ. ರೆಯಾನ್ ಎಂಬ ಹೆಸರು ಬಾಯಿಗೆ ಬಾರದ ಅಜ್ಜಿಯರು ‘ರಾಯಣ್ಣ’ ಎಂದು ಕರೆಯುತ್ತಾರೆ, ಅಥವಾ ಮೊಮ್ಮಗನನ್ನು ಕರೆಯುವುದನ್ನೇ ಬಿಟ್ಟು ‘ಪುಟ್ಟ ಹೇಗಿದ್ದಾನೆ’ ಎಂದು ಮಗನನ್ನು ವಿಚಾರಿಸುತ್ತಾರೆ. ಜಾತ್ರೆಗೆಂದು ಊರಿಗೆ ಬಂದ ಮಗು, ತನ್ನನ್ನೇ ಕರೆಯುತ್ತಿದ್ದಾರೆಂದು ತಿಳಿಯದೆ ಅಜ್ಜಿಯ ಕೂಗಿಗೆ ತಿರುಗಿ ನೋಡದೆ ಹೋಗುವುದನ್ನು ನಾವು ಮಠದ ಅಂಗಳದಲ್ಲಿಯೇ ಕಂಡಿದ್ದೇವೆ. ಶಿಕ್ಷಕಿ ಒಂದು ವರ್ಷ ಕರೆಯುತ್ತಾಳೆ. ಅಜ್ಜಿ ಇರುವಷ್ಟು ಕಾಲ ಕರೆಯಬೇಕು.

ಹಾಗಾದರೆ ಯಾವ ಹೆಸರು? ಬಸವ, ಪ್ರಭು, ಸಿದ್ಧರಾಮ ಎಂಬುವು ಎಲ್ಲರಿಗೂ ಗೊತ್ತಿರುವುವು. ಅವುಗಳ ಬಗೆಗೆ ವಿಸ್ತರಿಸುವುದಿಲ್ಲ. ಅಷ್ಟಾಗಿ ಬಳಕೆಗೆ ಬಾರದ ಕೆಲವನ್ನು ಹೇಳುತ್ತೇವೆ.

ಅನಿಮಿಷ. ಅಲ್ಲಮಪ್ರಭುಗಳಿಗೆ ಇಷ್ಟಲಿಂಗವನ್ನು ಕರುಣಿಸಿದ ಗುರು. ಅಲ್ಲಮರ ಹುಟ್ಟೂರನ್ನು ಹರಿಹರ ಕವಿ ತನ್ನ ರಗಳೆಯಲ್ಲಿ ಬಳ್ಳಿಗಾವಿ ಎಂದೇ ಹೇಳಿರುವುದರಿಂದ, ಇದು ನಮ್ಮ ಸೀಮೆಯ ಹೆಸರೆಂದು ಹೆಮ್ಮೆಪಡಲು ಅವಕಾಶವಿದೆ. ಕಣ್ಣೆವೆ ಮಿಟುಕಿಸದವನು ಎಂದು ಅರ್ಥ. ಲಿಂಗದಲ್ಲಿ ದೃಷ್ಟಿ ನೆಟ್ಟವನು. ಅನಿ ಎಂದು ಮೊಟಕುಗೊಳಿಸಿದರೂ ಕೇಳಲು ಹಿತವಾಗಿದೆ. ಉಚ್ಚರಿಸಲು ಕಷ್ಟವಾದ ಒಂದು ಅಕ್ಷರವೂ ಇದರಲ್ಲಿಲ್ಲ. ಇಷ್ಟು ಒಳ್ಳೆಯ ಹೆಸರನ್ನು ನಮ್ಮವರು ಇಡದೇ ಇರುವುದು ನಮಗೆ ಸೋಜಿಗ.

ಅಲ್ಲಮ ಎಂಬ ಹೆಸರನ್ನೇ ಇಡಬಯಸುವವರಿಗೆ ಒಂದು ಸೂಚನೆ. ಉರ್ದು, ಪಾರಸಿ ಬಲ್ಲವರ ಕಿವಿಗೆ ಇದು ‘ಅಲ್ಲಾಮಾ’ ಎಂಬ ಬಿರುದಿನಂತೆ ಕೇಳಿಸುತ್ತದೆ. ಕವಿ ಇಕ್ಬಾಲರಿಗೆ ಆ ಬಿರುದು ಸಂದಿದೆ. ಮಹಾಪಂಡಿತ ಎಂಬುದು ಅದರ ಅರ್ಥ. ಆದ್ದರಿಂದ ಗಲ್ಫ್ ದೇಶಗಳಲ್ಲಿಯೋ ಬ್ರಿಟನ್ನಿನಲ್ಲಿಯೋ ಯಾರಾದರೂ ಕೇಳಿದರೆ ಗೊಂದಲಕ್ಕೊಳಗಾಗದೆ ಎರಡನ್ನೂ ವಿವರಿಸಿ ಹೇಳಬಹುದು. ಅದರಲ್ಲಿ ಮುಜುಗರಕ್ಕೆ ಕಾರಣವಿಲ್ಲ.

ಶೀಲವಂತ. ಹರಳಯ್ಯನವರ ಮಗ. ಮಧುವರಸರ ಮಗಳು ಲಾವಣ್ಯಳೊಡನೆ ಆದ ಇವನ ಮದುವೆಯೇ ಕಲ್ಯಾಣದ ಕೊನೆಯ ದಿನಗಳ ದಾರುಣ ಘಟನೆಗಳಿಗೆ ಕಾರಣವಾಯಿತೆಂದು ಪರಂಪರೆ ಹೇಳುತ್ತದೆ. ಜಾತಿಯ ಗೋಡೆಯನ್ನು ದಾಟಿದ ವರನ ಹೆಸರು ಇಂದು ಗುಣವಾಚಕವಾಗಿ ಮಾತ್ರ ಉಳಿದಿದೆ. ಮಗು ದೊಡ್ಡವನಾಗಿ ‘ನನಗೆ ಈ ಹೆಸರೇಕೆ’ ಎಂದು ಕೇಳಿದಾಗ ಹೇಳಲು ಇಷ್ಟು ದೊಡ್ಡ ಕಥೆಯಿರುವ ಹೆಸರು ಹೆಚ್ಚಿಲ್ಲ. ತಂದೆತಾಯಿಗಳು ಹೇಳಲು ಸಿದ್ಧರಿರಬೇಕು, ಅಷ್ಟೆ.

ಅಜಗಣ್ಣ ಮುಕ್ತಾಯಕ್ಕನ ಅಣ್ಣ. ತನ್ನ ಭಕ್ತಿಯನ್ನು ಹೊರಗೆ ತೋರದೆ ಬಾಳಿದವನು. ಅಜ ಎಂದರೆ ಹುಟ್ಟಿಲ್ಲದವನು. ಅದಕ್ಕೆ ಆಡು ಎಂಬ ಅರ್ಥವೂ ಸಂಸ್ಕೃತದಲ್ಲಿ ಇದೆಯೆಂದು ತಿಳಿದಿರಲಿ. ಯಾರಾದರೂ ನಿಘಂಟು ತೆರೆದು ತೋರಿಸಿದರೆ ಬೆದರಬಾರದು. ಸಕಳೇಶ, ಗಜೇಶ ಎಂಬುವು ಸಕಳೇಶ ಮಾದರಸ, ಗಜೇಶ ಮಸಣಯ್ಯ ಎಂಬ ವಚನಕಾರರಿಂದ ಬಂದುವು. ‘ಈಶ’ ಅಂತ್ಯವಿರುವುದರಿಂದ ಕಿವಿಗೆ ಹೊಸತೂ ಹೌದು, ಪರಿಚಿತವೂ ಹೌದು. ಅಲ್ಲಮರ ಅಂಕಿತದಿಂದ ಗುಹೇಶ ಎಂದೂ ಇಡಬಹುದು. ಏಕಾಂತ ಎಂಬುದು ಏಕಾಂತದ ರಾಮಯ್ಯನವರನ್ನು ನೆನಪಿಸುತ್ತದೆ. ಅವರ ಚರಿತ್ರೆಯನ್ನು ಹೇಳುವ ಶಾಸನ ನಮ್ಮ ಗಡಿಯಾಚೆಗೆ, ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿದೆ. ನುಲಿಯ ಚಂದಯ್ಯನವರ ಚಂದ, ಮೇದಾರ ಕೇತಯ್ಯನವರ ಕೇತ, ಮಡಿವಾಳ ಮಾಚಿದೇವರ ಮಾಚಿದೇವ, ಇವೆಲ್ಲ ಕಾಯಕದವರ ಹೆಸರುಗಳು. ‘ಇದು ಯಾವ ಜಾತಿಯವರ ಹೆಸರು’ ಎಂದು ಊರಿನ ಬಂಧುಗಳು ಕೇಳುವರೆಂಬ ಅಳುಕಿನಿಂದ ಇವನ್ನು ಬಿಟ್ಟವರೂ ಉಂಟೆಂದು ನಮಗೆ ತಿಳಿದಿದೆ. ಬಸವಣ್ಣನವರು ಚೆನ್ನಯ್ಯ, ಕಕ್ಕಯ್ಯರನ್ನು ತಮ್ಮ ಮನೆಯ ಹಿರಿಯರೆಂದು ಭಾವಿಸಿದವರು. ಸಾವಿರಾರು ಮೈಲಿ ದೂರದಲ್ಲಿದ್ದೂ ಆ ಅಳುಕನ್ನು ಪೆಟ್ಟಿಗೆಯಲ್ಲಿ ಒಯ್ದವರಿಗೆ ನಾವು ಹೆಚ್ಚು ಹೇಳಲಾರೆವು.

ನಿರ್ಮಲ ಎಂಬ ಹೆಸರನ್ನೂ ಸೇರಿಸಬೇಕು. ಈಗ ಅದು ಹೆಣ್ಣುಮಕ್ಕಳದ್ದೇ ಆಗಿದೆ. ಆದರೆ ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿಯ ತಂದೆಯ ಹೆಸರು ಚಾಮರಸನ ಪ್ರಭುಲಿಂಗಲೀಲೆಯಲ್ಲಿ ನಿರ್ಮಲ, ತಾಯಿ ಸುಮತಿ. ಅದೇ ಕಾವ್ಯದಲ್ಲಿ ಅಲ್ಲಮರ ತಂದೆ ನಿರಹಂಕಾರ. ಎರಡನೆಯದನ್ನು ಮಗುವಿಗೆ ಇಡಿರಿ ಎಂದು ಹೇಳುವ ಧೈರ್ಯ ನಮಗಿಲ್ಲ.

ಇಲ್ಲಿ ಒಂದು ಪ್ರತಿವಾದವನ್ನು ಎದುರಿಸಬೇಕು. ವಿದ್ಯಾವಂತ ಯುವಕರು ನಮ್ಮನ್ನು ಕೇಳುವುದುಂಟು: ನೆಲೆಸಿದ ದೇಶವೇ ನಮ್ಮ ದೇಶವಾದ ಮೇಲೆ ಅಲ್ಲಿಯ ಹೆಸರನ್ನೇ ಇಟ್ಟರೆ ತಪ್ಪೇನು? ಪ್ರಶ್ನೆ ನ್ಯಾಯವಾದುದು. ಶರಣರ ಕಲ್ಯಾಣವೂ ಬೇರೆ ಬೇರೆ ಕಡೆಗಳಿಂದ ಬಂದವರ ಪಾಲಿಗೆ ಪರದೇಶವೇ ಆಗಿತ್ತು. ಕಾಶ್ಮೀರದ ಅರಸನಾಗಿದ್ದನೆಂದು ಪರಂಪರೆ ಹೇಳುವ ಶರಣ, ಕಲ್ಯಾಣಕ್ಕೆ ಬಂದು ಸೌದೆಯ ಹೊರೆ ಹೊತ್ತು ಮೋಳಿಗೆಯ ಮಾರಯ್ಯನಾದ. ಮಾರ ಎಂಬುದು ಅಂದಿನ ಕನ್ನಡ ನಾಡಿನ ಅತಿ ಸಾಮಾನ್ಯ ಹೆಸರು, ನಮ್ಮ ವೀರಗಲ್ಲುಗಳ ಹೆಸರು. ಹಾಗೆಯೇ ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಪುಲಿಗೆರೆಗೆ, ಇಂದಿನ ಲಕ್ಷ್ಮೇಶ್ವರಕ್ಕೆ, ಬಂದ ಆದಯ್ಯ ಇಲ್ಲಿಯೇ ನೆಲೆಸಿ ಕನ್ನಡದಲ್ಲಿಯೇ ವಚನ ರಚಿಸಿದ. ಆದರೆ ತನ್ನ ಅಂಕಿತವನ್ನು ‘ಸೌರಾಷ್ಟ್ರ ಸೋಮೇಶ್ವರ’ ಎಂದೇ ಉಳಿಸಿಕೊಂಡ. ವಲಸೆ ಬಂದ ಇಬ್ಬರು ಶರಣರು, ಎರಡು ದಾರಿಗಳು. ಒಬ್ಬ ಹಿಂದಿನ ಹೆಸರನ್ನು ಕಳಚಿಟ್ಟ, ಇನ್ನೊಬ್ಬ ಬಿಟ್ಟುಬಂದ ನಾಡನ್ನು ಪ್ರತಿ ವಚನದ ಕೊನೆಯಲ್ಲಿ ನೆನೆದ. ಎರಡನ್ನೂ ಶರಣಸಮೂಹ ಒಪ್ಪಿತು.

ಆದರೂ ಒಂದು ವ್ಯತ್ಯಾಸವನ್ನು ನಾವು ಗುರುತಿಸುತ್ತೇವೆ. ಮಾರಯ್ಯ ಬೆಳೆದವನು, ಅರಸುತನವನ್ನು ಬಿಡಬೇಕೆಂದು ತಾನೇ ಹೆಸರನ್ನು ಬಿಟ್ಟ. ತೊಟ್ಟಿಲಲ್ಲಿರುವ ಕೂಸು ಏನನ್ನೂ ಬಿಡಲಾರದು, ಅದಕ್ಕೆ ಇನ್ನೂ ಏನನ್ನೂ ಕೊಟ್ಟಿರುವುದಿಲ್ಲ. ಕೊಟ್ಟ ಹೆಸರನ್ನು ಮುಂದೆ ಬದಲಿಸಿಕೊಳ್ಳುವ ಹಕ್ಕು ಆ ಮಗುವಿಗೆ ಆ ದೇಶಗಳ ಕಾನೂನಿನಲ್ಲಿಯೂ ಇದೆ. ಆದ್ದರಿಂದ ಮೊದಲು ನಮ್ಮದನ್ನು ಕೊಡಿರಿ ಎಂಬುದು ನಮ್ಮ ಅಭಿಪ್ರಾಯ. ಸ್ಥಳೀಯ ಹೆಸರನ್ನು ಇಟ್ಟವರ ಮಕ್ಕಳಿಗೂ ಶ್ರೀಮಠದಲ್ಲಿ ಲಿಂಗಧಾರಣೆಗೆ ಯಾವ ಅಡ್ಡಿಯೂ ಇಲ್ಲವೆಂಬುದನ್ನು ಇದರೊಡನೆಯೇ ಸ್ಪಷ್ಟಪಡಿಸುತ್ತೇವೆ.

ಉಚ್ಚಾರದ ಮಾತಿಗೆ ಬರೋಣ. ರೋಮನ್ ಲಿಪಿಯಲ್ಲಿ ಹ್ರಸ್ವ ದೀರ್ಘಗಳ ಭೇದವಿಲ್ಲ, ಲ ಳ, ನ ಣ ಭೇದವಿಲ್ಲ. ನಮ್ಮ ಊರಿನ ಹೆಸರೇ ಇದಕ್ಕೆ ಒಳ್ಳೆಯ ನಿದರ್ಶನ. ಜಡೆ ಎಂಬುದನ್ನು ರೋಮನ್ ಅಕ್ಷರಗಳಲ್ಲಿ ಬರೆದರೆ ಇಂಗ್ಲಿಷ್ ಬಲ್ಲವರು ‘ಜೇಡ್’ ಎಂದು ಓದುತ್ತಾರೆ. ಅದು ಅವರಿಗೆ ಒಂದು ಹಸಿರು ಕಲ್ಲು, ಹೆಣ್ಣುಮಕ್ಕಳಿಗೆ ಇಡುವ ಹೆಸರು ಕೂಡ. ಊರಿನ ಹೆಸರನ್ನು ಮನೆತನದ ಹೆಸರಾಗಿ ಬರೆಯುವವರು ಇದನ್ನು ನೆನಪಿನಲ್ಲಿಡಬೇಕು.

ನಮ್ಮವರು ತಕಾರಕ್ಕೆ ‘ಟಿ ಎಚ್’ ಬರೆಯುವ ರೂಢಿ ದಕ್ಷಿಣ ಭಾರತದ್ದು. ಆಂಗ್ಲರು ಅದನ್ನು ‘ಥಿಂಕ್’ ಪದದ ಥಕಾರದಂತೆ ಓದುತ್ತಾರೆ. ಶೀಲವಂತ, ಏಕಾಂತಗಳನ್ನು ಬರೆಯುವಾಗ ಬರಿಯ ‘ಟಿ’ ಸಾಕು. ಅರಬ್ಬಿ ಲಿಪಿಯಲ್ಲಿ ಪಕಾರವಿಲ್ಲದ್ದರಿಂದ ಗಲ್ಫ್ ದೇಶದ ದಾಖಲೆಗಳಲ್ಲಿ ಪ್ರಭು ‘ಬ್ರಭು’ ಆಗುತ್ತಾನೆ. ವಕಾರಕ್ಕೂ ಅಲ್ಲಿ ಸರಿಯಾದ ಅಕ್ಷರವಿಲ್ಲ. ಹರ್ಷಿತ್, ದೀಕ್ಷಿತ್ ಮೊದಲಾದ ಹೆಸರುಗಳ ಕೊನೆಯ ಭಾಗ ಇಂಗ್ಲಿಷಿನ ಒಂದು ಹೊಲಸು ಮಾತಿನಂತೆ ಕೇಳಿಸುವುದರಿಂದ ಶಾಲೆಯಲ್ಲಿ ಮಕ್ಕಳು ಪಡುವ ಪಾಡನ್ನು ತಂದೆತಾಯಿಗಳೇ ನಮಗೆ ಬರೆದಿದ್ದಾರೆ. ಅಂತಹವನ್ನು ಬಿಡುವುದೇ ಒಳಿತು. ಚೆನ್ನ ಎಂಬುದು ಉತ್ತರ ಭಾರತದ ಗೆಳೆಯರ ಕಿವಿಗೆ ಕಡಲೆಯಾಗುತ್ತದೆ. ಅದು ಅಂತಹ ದೊಡ್ಡ ತೊಂದರೆಯಲ್ಲ.

ಅಕಾರಾಂತದ ಬಗೆಗೆ ಹೆಚ್ಚು ಪ್ರಶ್ನೆಗಳು ಬರುತ್ತವೆ. ಬಸವ, ಅಲ್ಲಮ, ಅನಿಮಿಷ ಎಂದು ‘ಎ’ ಅಕ್ಷರದಿಂದ ಕೊನೆಗೊಂಡರೆ ಹುಡುಗಿಯ ಹೆಸರೆಂದು ತಿಳಿಯುವರೆಂಬ ಭಯ. ಆದ್ದರಿಂದ ಕೊನೆಯ ಸ್ವರವನ್ನು ಕತ್ತರಿಸಿ ಬಸವ್, ಶರಣ್ ಎಂದು ಬರೆಯುತ್ತಾರೆ. ಆದರೆ ಅದೇ ದೇಶಗಳಲ್ಲಿ ನೋವಾ, ಜೋಶುವಾ, ಎಜ್ರಾ, ಲೂಕಾ ಎಂಬ ಗಂಡುಮಕ್ಕಳು ಎಷ್ಟೋ ಮಂದಿ ಇದ್ದಾರೆ. ಅವರನ್ನು ಯಾರೂ ಹುಡುಗಿಯರೆಂದು ತಿಳಿದಿಲ್ಲ. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ, ಲ್ಯಾಂಬೆತ್ ಭಾಗದಲ್ಲಿ, 2015ರ ನವೆಂಬರ್ 14ರಂದು ಅನಾವರಣಗೊಂಡ ಪುತ್ಥಳಿಯ ಹೆಸರು ಬಸವೇಶ್ವರ ಎಂದು ಸ್ವರಾಂತವಾಗಿಯೇ ಇದೆ. ಪರಭಾಷೆಯವರು ಮೂರು ಸಲ ಕೇಳಿದರೆ ನಾಲ್ಕನೆಯ ಸಲ ಸರಿಯಾಗಿ ಹೇಳುತ್ತಾರೆ. ಮಗುವಿಗೆ ನಾಲ್ಕು ವರ್ಷ ತುಂಬುವ ವೇಳೆಗೆ ತನ್ನ ಹೆಸರನ್ನು ಬಿಡಿಸಿ, ನಿಧಾನವಾಗಿ, ನಾಚದೆ ಹೇಳಲು ಕಲಿಸಬೇಕು. ‘ಬ, ಸ, ವ’. ಶಾಲೆಯಲ್ಲಿ ಗೆಳೆಯರು ಸಿದ್ಧರಾಮನನ್ನು ‘ಸಿಡ್’ ಎಂದು ಕರೆದರೆ ಕರೆಯಲಿ. ನಮ್ಮಲ್ಲಿಯೂ ಎರಡು ಹೆಸರಿನ ಪದ್ಧತಿ ಇತ್ತೆಂದು ಮೇಲೆ ಹೇಳಿದೆವಲ್ಲ. ಪೂರ್ಣ ಹೆಸರು ಮನೆಯಲ್ಲಿ ದ���ನಕ್ಕೊಮ್ಮೆಯಾದರೂ ಕೇಳಿಬರಲಿ.

ಲಿಂಗರಾಜ, ಮಹಾಲಿಂಗ, ಶಿವಲಿಂಗ ಎಂಬ ಹೆಸರುಗಳನ್ನು ಕುರಿತು ಕೇಳುವವರು ಸಂಕೋಚದಿಂದ ಕೇಳುತ್ತಾರೆ. ಪಾಶ್ಚಾತ್ಯರ ಹಳೆಯ ಪುಸ್ತಕಗಳು ಆ ಪದಕ್ಕೆ ಕೊಟ್ಟ ಅರ್ಥವನ್ನು ಸಹಪಾಠಿಗಳು ಹುಡುಕಿ ತೆಗೆದು ಹಾಸ್ಯ ಮಾಡುವರೆಂಬುದು ಅವರ ಆತಂಕ, ಅದು ನಿರಾಧಾರವೂ ಅಲ್ಲ. ಇಷ್ಟಲಿಂಗವೆಂದರೆ ನಿರಾಕಾರದ ಕುರುಹು ಎಂಬುದನ್ನು ಹದಿಹರೆಯದ ಹುಡುಗ ತರಗತಿಯ ಮುಂದೆ ನಿಂತು ವಿವರಿಸಬಲ್ಲನಾದರೆ ಅದಕ್ಕಿಂತ ದೊಡ್ಡದಿಲ್ಲ. ಆದರೆ ಆ ಹೊರೆಯನ್ನು ಆರು ವರ್ಷದ ಮಗುವಿನ ಮೇಲೆ ಹೊರಿಸಬೇಕೆಂದು ನಾವು ಹೇಳಲಾರೆವು. ಅಜ್ಜನ ಹೆಸರು ಮಹಾಲಿಂಗಪ್ಪ ಎಂದಿದ್ದು, ಅದನ್ನು ಉಳಿಸಬೇಕೆಂದಿದ್ದರೆ ಮಧ್ಯದ ಹೆಸರಾಗಿ ಇಡಬಹುದು. ಮಗು ಬೆಳೆದು ತಾನಾಗಿ ಅದನ್ನು ಮುಂದಕ್ಕೆ ತಂದುಕೊಳ್ಳಬಹುದು.

ಕೆಲವು ದೇಶಗಳಲ್ಲಿ ಹೆಸರಿಗೆ ಸರ್ಕಾರದ ಒಪ್ಪಿಗೆಯೂ ಬೇಕು. ಐಸ್‌ಲ್ಯಾಂಡಿನಲ್ಲಿ ಇದಕ್ಕೆಂದೇ ಒಂದು ಸಮಿತಿಯಿದೆ. ಡೆನ್ಮಾರ್ಕಿನಲ್ಲಿ ಒಪ್ಪಿತ ಹೆಸರುಗಳ ಪಟ್ಟಿಯಿದ್ದು, ಅದರಲ್ಲಿಲ್ಲದ ಹೆಸರಿಗೆ ಅರ್ಜಿ ಸಲ್ಲಿಸಬೇಕು. ನ್ಯೂಜಿಲೆಂಡಿನಲ್ಲಿ ಹೆಸರು 70 ಅಕ್ಷರಗಳನ್ನು ಮೀರಬಾರದು. ಸಿದ್ಧರಾಮರ ಅಂಕಿತವಾದ ಕಪಿಲಸಿದ್ಧಮಲ್ಲಿಕಾರ್ಜುನವನ್ನು ಇಡಿಯಾಗಿ ಇಟ್ಟರೂ ಜಾಗ ಉಳಿಯುತ್ತದೆ. ಜರ್ಮನಿಯಲ್ಲಿ ಹೆಸರಿನಿಂದಲೇ ಗಂಡು ಹೆಣ್ಣು ತಿಳಿಯಬೇಕೆಂದು ನೋಂದಣಿ ಕಚೇರಿಗಳು ಬಹುಕಾಲ ಒತ್ತಾಯಿಸುತ್ತಿದ್ದವು. ಭಾರತದ ನಂಟುಳ್ಳ ಕುಟುಂಬವೊಂದು ಹೆಣ್ಣುಮಗುವಿಗೆ ಕಿರಣ್ ಎಂದು ಹೆಸರಿಟ್ಟಾಗ ಕಚೇರಿ ಒಪ್ಪಲಿಲ್ಲ. ಪ್ರಕರಣ ಆ ದೇಶದ ಸಂವಿಧಾನ ನ್ಯಾಯಾಲಯದವರೆಗೆ ಹೋಯಿತು. 2008ರ ಡಿಸೆಂಬರ್ 5ರಂದು ನ್ಯಾಯಾಲಯ ಕುಟುಂಬದ ಪರವಾಗಿ ತೀರ್ಮಾನಿಸಿತು. ಇಂದು ಜರ್ಮನಿಯಲ್ಲಿ ಮಗನಿಗೆ ನಿರ್ಮಲ ಎಂದು ಇಡಬಯಸುವವರು ಈ ತೀರ್ಪನ್ನು ಜ್ಞಾಪಕದಲ್ಲಿ ಇಟ್ಟುಕೊಳ್ಳಬಹುದು. ಅಂತಹ ಕಚೇರಿಗಳು ಇದು ನಿಜವಾಗಿಯೂ ಹೆಸರೇ ಎಂಬುದಕ್ಕೆ ಪ್ರಮಾಣ ಕೇಳುವುದುಂಟು. ಶರಣರ ಹೆಸರಾದರೆ ಗ್ರಂಥಗಳ ಆಧಾರ ತೋರಿಸಬಹುದು. ಪಟ್ಟಿಯಲ್ಲಿ ಹುಟ್ಟಿದ ಹೆಸರಿಗೆ ಏನನ್ನು ತೋರಿಸುವುದು?

ಕೊನೆಯ ಹೆಸರಿನದು ಇನ್ನೊಂದು ತೊಡಕು. ನಮ್ಮ ಭಾಗದಲ್ಲಿ ಊರು, ತಂದೆಯ ಹೆಸರುಗಳ ಮೊದಲಕ್ಷರಗಳನ್ನು ಮುಂದೆ ಹಾಕಿ ಒಂದೇ ಹೆಸರು ಬರೆಯುವುದು ರೂಢಿ. ಹುಬ್ಬಳ್ಳಿ ಧಾರವಾಡದ ಕಡೆಯವರಿಗೆ ಅಂಗಡಿ, ಪಾಟೀಲ, ಹಿರೇಮಠ ಎಂಬ ಮನೆತನದ ಹೆಸರುಗಳಿರುವುದರಿಂದ ಅವರಿಗೆ ತೊಂದರೆ ಕಡಿಮೆ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಸ್ಥಳವನ್ನು ಖಾಲಿ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ. ಮೊದಲ ಹೆಸರು ತಿಳಿದಿಲ್ಲ ಎಂದು ಅದರ ಅರ್ಥ. ಸಂಯುಕ್ತ ಅರಬ್ ಸಂಸ್ಥಾನವು ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವ ಪ್ರವಾಸಿಗರಿಗೆ ನಿರ್ಬಂಧ ವಿಧಿಸಿದ್ದು 2022ರ ನವೆಂಬರಿನಲ್ಲಿ. ಆದ್ದರಿಂದ ಮಗುವಿನ ಹೆಸರನ್ನು ಮೊದಲಿನಿಂದಲೇ ಎರಡು ಪೂರ್ಣ ಪದಗಳಲ್ಲಿ ಬರೆಸಿರಿ. ಎರಡನೆಯ ಪದವಾಗಿ ಅಜ್ಜನ ಹೆಸರನ್ನೋ ಊರಿನ ಹೆಸರನ್ನೋ ಇಟ್ಟರೆ ಹಿರಿಯರಿಗೂ ಸಮಾಧಾನ. ಒಂದೇ ಮನೆಯ ಅಣ್ಣತಮ್ಮಂದಿರ ಮಕ್ಕಳು ಇದರಲ್ಲಿ ಒಮ್ಮತಕ್ಕೆ ಬರುವುದು ಲೇಸು; ಒಬ್ಬ ಊರಿನ ಹೆಸರನ್ನೂ ಇನ್ನೊಬ್ಬ ತಂದೆಯ ಹೆಸರನ್ನೂ ಹಾಕಿದರೆ ಮುಂದೆ ಆಸ್ತಿಪತ್ರಗಳ ಕಾಲಕ್ಕೆ ಸಂಬಂಧವನ್ನು ಸಾಬೀತುಪಡಿಸಲು ಅಲೆದಾಡಬೇಕಾಗುತ್ತದೆ. ತಂದೆತಾಯಿಗಳು ಭಾರತದ ಪೌರರಾಗಿಯೇ ಉಳಿದಿದ್ದು, ಮಗುವಿಗೂ ಅದೇ ಪೌರತ್ವ ಬೇಕೆಂದಿದ್ದರೆ, 1955ರ ಪೌರತ್ವ ಅಧಿನಿಯಮದಂತೆ ಹುಟ್ಟಿದ ಒಂದು ವರ್ಷದೊಳಗೆ ಭಾರತದ ದೂತಾವಾಸ ಕಚೇರಿಯಲ್ಲಿ ಜನನವನ್ನು ನೋಂದಾಯಿಸಬೇಕು. ಅಲ್ಲಿ ಬರೆಸುವ ಕಾಗುಣಿತ ಆಸ್ಪತ್ರೆಯ ಕಾಗುಣಿತಕ್ಕೆ ಅಕ್ಷರಶಃ ಹೊಂದಿರಬೇಕು.

ಶ್ರೀಮಠದ ಕಾರ್ಯಾಲಯಕ್ಕೆ ಹೆಸರನ್ನು ಕೋರಿ ಬರೆಯುವ ಸದ್ಭಕ್ತರು ಎರಡೂ ಕಡೆಯ ಅಜ್ಜಂದಿರ ಹೆಸರು, ಮೂಲ ಊರು, ಈಗ ನೆಲೆಸಿರುವ ದೇಶ, ಹೆರಿಗೆಯ ನಿರೀಕ್ಷಿತ ತಿಂಗಳು ಇವಿಷ್ಟನ್ನು ತಿಳಿಸಬೇಕು. ತಾವೇ ಆರಿಸಿದ ಹೆಸರು ಸರಿಯೇ ಎಂದು ಕೇಳುವವರು ಅದನ್ನು ರೋಮನ್ ಲಿಪಿಯಲ್ಲಿ ಮಾತ್ರ ಬರೆಯದೆ ಕನ್ನಡದಲ್ಲಿಯೂ ಬರೆಯಬೇಕು. ಕನ್ನಡದಲ್ಲಿ ಬರೆಯುವಾಗಲೇ ಹ್ರಸ್ವವೋ ದೀರ್ಘವೋ, ಅಲ್ಪಪ್ರಾಣವೋ ಮಹಾಪ್ರಾಣವೋ ಎಂಬುದನ್ನು ತಂದೆತಾಯಿಗಳು ನಿರ್ಧರಿಸಬೇಕಾಗುತ್ತದೆ, ಎಷ್ಟೋ ಸಂದೇಹಗಳು ಆಗಲೇ ಬಗೆಹರಿಯುತ್ತವೆ. ತೊಟ್ಟಿಲ ದಿನ ಊರಿನಲ್ಲಿರುವ ಸೋದರತ್ತೆ ಅಲ್ಲಿಗೆ ಹೋಗಲಾಗದಿದ್ದರೆ, ದೂರವಾಣಿಯನ್ನು ಮಗುವಿನ ಕಿವಿಯ ಬಳಿ ಹಿಡಿದು ಆಕೆಯಿಂದಲೇ ಕರೆಸಬಹುದು. ಕರೆಯುವವರು ಮೆಲ್ಲಗೆ ಕರೆಯಲಿ.